ಸ್ವಯಂ ನಿರ್ಮಿತ ಲಘು ವಿಮಾನ: ಇಳಿಯುವ ಮುನ್ನ ವೇಗ ತಗ್ಗಿಸುವ ವಿಧಾನ (ಲಾಂಗ್-ಈಜೀ ವಿಮಾನದ ನಿದರ್ಶನ)

ಪೀಠಿಕೆ:

ಕಾರ್ಖಾನೆಯಲ್ಲಿ ತಯಾರಾಗದೆ, ಆಸಕ್ತರು ತಮ್ಮ ಸ್ವಂತ ಕಲಿಕೆ ಹಾಗೂ ವಿನೋದಕ್ಕಾಗಿ ನಕ್ಷೆ ಅಥವಾ ಕಿಟ್‌ನ ಆಧಾರದ ಮೇಲೆ ನಿರ್ಮಿಸಿಕೊಳ್ಳುವ ವಿಮಾನಗಳನ್ನು ಸ್ವಯಂ ನಿರ್ಮಿತ ವಿಮಾನಗಳೆಂದು ಕರೆಯಲಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂತಹ ವಿಮಾನದ ಹೆಚ್ಚಿನ ಭಾಗದ ಕೆಲಸವನ್ನು ಹವ್ಯಾಸಿಯೇ ಮಾಡಿರಬೇಕೆಂಬ ನಿಯಮವಿದ್ದು, ಅವುಗಳನ್ನು ಪ್ರಾಯೋಗಿಕ ವರ್ಗದಲ್ಲಿ ನೋಂದಾಯಿಸಲಾಗುತ್ತದೆ. ಈ ವಿಮಾನಗಳ ಪೈಕಿ ಹಲವು ಅತ್ಯಂತ ನುಣುಪಾದ ಮೈ ಹೊಂದಿದ್ದು, ಕಡಿಮೆ ಶಕ್ತಿಯ ಎಂಜಿನ್‌ನಿಂದಲೇ ಹೆಚ್ಚಿನ ವೇಗವನ್ನು ಪಡೆಯುತ್ತವೆ. ಹಾರುವಾಗ ಲಾಭವೆನಿಸುವ ಈ ಗುಣವೇ ಇಳಿಯುವಾಗ ತೊಡಕಾಗುತ್ತದೆ. ವೇಗ ತಗ್ಗಿಸಲಾಗದೆ ರನ್‌ವೇಯ ಕೊನೆಯನ್ನು ದಾಟಿಹೋಗುವುದು ಇಂತಹ ವಿಮಾನಗಳ ಚಾಲಕರು ಸದಾ ಎಚ್ಚರದಿಂದಿರಬೇಕಾದ ಅಪಾಯ. ಈ ವಿಷಯವನ್ನು ಲಾಂಗ್-ಈಜೀ ವಿಮಾನದ ನಿದರ್ಶನದೊಂದಿಗೆ ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಲಾಂಗ್-ಈಜೀ ವಿಮಾನದ ಪರಿಚಯ:

ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಬರ್ಟ್ ರುಟಾನ್ ಅವರು ವಿನ್ಯಾಸಗೊಳಿಸಿದ ಈ ವಿಮಾನವು 1979ರಲ್ಲಿ ಮೊದಲ ಬಾರಿಗೆ ಹಾರಿತು. ಇವರೇ ವಿನ್ಯಾಸ ಮಾಡಿದ ವಾಯೇಜರ್ ವಿಮಾನವು 1986ರಲ್ಲಿ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಸುತ್ತಿ ಬಂದಿತು. ಲಾಂಗ್-ಈಜೀಯಲ್ಲಿ ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುವ ಎರಡು ಆಸನಗಳಿವೆ. ಫೋಮ್ ಹಾಗೂ ಗಾಜಿನ ನಾರಿನ ಹೊದಿಕೆಯಿಂದ ಮೈಯನ್ನು ರೂಪಿಸಲಾಗುತ್ತದೆ. ಎಂಜಿನ್ ಮತ್ತು ಪ್ರೊಪೆಲರ್ ಹಿಂಬದಿಯಲ್ಲಿದ್ದು, ಸಾಮಾನ್ಯ ವಿಮಾನಗಳ ಬಾಲದಲ್ಲಿರುವ ಚಿಕ್ಕ ರೆಕ್ಕೆಯು ಇಲ್ಲಿ ಮೂಗಿನ ಬಳಿ ಇದೆ. ಇದಕ್ಕೆ ಕೆನಾರ್ಡ್ ಎಂದು ಹೆಸರು.

ಕರ್ನಾಟಕಕ್ಕೂ ಈ ವಿನ್ಯಾಸಕ್ಕೂ ನಂಟಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು (ಎನ್‌ಎಎಲ್) 1980ರ ದಶಕದಲ್ಲಿ ನಿರ್ಮಿಸಿ ಹಾರಿಸಿದ ಲಘು ಕೆನಾರ್ಡ್ ಸಂಶೋಧನಾ ವಿಮಾನವು ಲಾಂಗ್-ಈಜೀ ವಿನ್ಯಾಸವನ್ನೇ ಆಧರಿಸಿತ್ತು. ಎನ್‌ಎಎಲ್‌ನ ಹಂಸ ತರಬೇತಿ ವಿಮಾನವು ಅದರ ನಂತರ, 1993ರಲ್ಲಿ, ಮೊದಲ ಬಾರಿಗೆ ಹಾರಿತು.

ಫ್ಲಾಪ್‌ಗಳು ಏಕಿಲ್ಲ:

ಸಾಮಾನ್ಯ ವಿಮಾನವು ಇಳಿಯುವಾಗ ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳನ್ನು ಇಳಿಬಿಡುತ್ತದೆ. ಇದರಿಂದ ನಿಧಾನ ವೇಗದಲ್ಲಿಯೂ ಎತ್ತುವ ಬಲ ದೊರೆಯುತ್ತದೆ, ಗಾಳಿಯ ತಡೆಯೂ ಹೆಚ್ಚುತ್ತದೆ. ಕೆನಾರ್ಡ್ ವಿಮಾನದಲ್ಲಿ ಮುಖ್ಯ ರೆಕ್ಕೆಯು ಗುರುತ್ವ ಕೇಂದ್ರಕ್ಕಿಂತ ಹಿಂದಿರುವುದರಿಂದ, ಅಲ್ಲಿ ಫ್ಲಾಪ್ ಇಳಿಸಿದರೆ ಬಾಲವು ಮೇಲೆದ್ದು ಮೂಗು ಕೆಳಗೆ ಬಾಗುತ್ತದೆ. ಅದನ್ನು ಎತ್ತಿಹಿಡಿಯುವಷ್ಟು ಸಾಮರ್ಥ್ಯ ಮುಂದಿನ ಚಿಕ್ಕ ರೆಕ್ಕೆಗೆ ಇರುವುದಿಲ್ಲ. ರುಟಾನ್ ಅವರ ಸಂಸ್ಥೆಯ ಪಾತ್ರವಿದ್ದ ಬೀಚ್ ಸ್ಟಾರ್‌ಶಿಪ್ ಎಂಬ ದೊಡ್ಡ ವಿಮಾನದಲ್ಲಿ ಫ್ಲಾಪ್ ಇಳಿಸಿದಾಗ ಕೆನಾರ್ಡ್ ತಾನೇ ಮುಂದಕ್ಕೆ ಚಾಚಿಕೊಳ್ಳುವ ಏರ್ಪಾಡನ್ನು ಮಾಡಬೇಕಾಯಿತು. ಮನೆಯ ಶೆಡ್‌ನಲ್ಲಿ ಕಟ್ಟುವ ವಿಮಾನಕ್ಕೆ ಅಷ್ಟೊಂದು ಜಟಿಲತೆ ತರವಲ್ಲವೆಂದೇ ಹೇಳಬೇಕು.

ವೇಗ ಮತ್ತು ಎತ್ತರದ ಲೆಕ್ಕ:

ಚಾಲಕನು ಇಳಿಯುವ ಮುನ್ನ ಎರಡು ಖಾತೆಗಳನ್ನು ಚುಕ್ತಾ ಮಾಡಬೇಕಾಗುತ್ತದೆ. ಒಂದು ಎತ್ತರದ ಖಾತೆ, ಇನ್ನೊಂದು ವೇಗದ ಖಾತೆ. ಒಂದರಿಂದ ತೆಗೆದದ್ದು ಮತ್ತೊಂದಕ್ಕೆ ಜಮಾ ಆಗುತ್ತದೆಯೇ ಹೊರತು ತಾನಾಗಿ ಮಾಯವಾಗುವುದಿಲ್ಲ. ಉದಾಹರಣೆಗೆ, 140 ನಾಟ್ (ಗಂಟೆಗೆ ಸುಮಾರು 260 ಕಿ.ಮೀ.) ವೇಗದ ವಿಮಾನವನ್ನು 70 ನಾಟ್‌ಗೆ ತರುವಾಗ ಕಳೆಯಬೇಕಾದ ಚಲನ ಶಕ್ತಿಯು ಸುಮಾರು 650 ಅಡಿ ಎತ್ತರಕ್ಕೆ ಸಮ. ವೇಗವಾಗಿ ಬಂದ ಚಾಲಕನು ತಾನಿರುವ ಎತ್ತರಕ್ಕಿಂತ ಅಷ್ಟು ಅಡಿ ಮೇಲಿದ್ದಂತೆಯೇ ಸರಿ. ಈ ಸಾಲವನ್ನು ಗಾಳಿಯ ತಡೆಯ ಮೂಲಕ ತೀರಿಸಬೇಕು, ಇಲ್ಲವಾದರೆ ಚಕ್ರದ ಬ್ರೇಕ್‌ಗಳು ತೀರಿಸಬೇಕಾಗುತ್ತದೆ.

ಚಲನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವ ಕಾರಣ 70ರ ಬದಲು 80 ನಾಟ್‌ನಲ್ಲಿ ನೆಲ ಮುಟ್ಟಿದರೆ ಬ್ರೇಕ್‌ಗಳ ಮೇಲಿನ ಹೊರೆ ಶೇ. 30ರಷ್ಟು ಹೆಚ್ಚುತ್ತದೆ. ಹಿಂದಿನಿಂದ 10 ನಾಟ್ ಗಾಳಿ ಬೀಸುತ್ತಿದ್ದರೂ ಫಲಿತಾಂಶ ಇದೇ. ಬೆಂಗಳೂರಿನಂತಹ ಸುಮಾರು 3000 ಅಡಿ ಎತ್ತರದ ಸ್ಥಳದಲ್ಲಿ ಗಾಳಿ ತೆಳುವಾಗಿರುವುದರಿಂದ, ಮಾಪಕವು 70 ನಾಟ್ ತೋರಿಸುವಾಗ ನಿಜವಾದ ವೇಗ 73 ನಾಟ್‌ನಷ್ಟಿರುತ್ತದೆ. ಬೇಸಿಗೆಯ ಮಧ್ಯಾಹ್ನ ಇದು ಇನ್ನೂ ಹೆಚ್ಚು.

ಲ್ಯಾಂಡಿಂಗ್ ಬ್ರೇಕ್ ಹಾಗೂ ರಡ್ಡರ್‌ಗಳ ಬಳಕೆ:

ಫ್ಲಾಪ್‌ನ ಬದಲಿಗೆ ಲಾಂಗ್-ಈಜೀಯ ಹೊಟ್ಟೆಯ ಭಾಗದಲ್ಲಿ ಕೆಳಕ್ಕೆ ತೆರೆದುಕೊಳ್ಳುವ ಹಲಗೆಯೊಂದಿದೆ. ಇದಕ್ಕೆ ಲ್ಯಾಂಡಿಂಗ್ ಬ್ರೇಕ್ ಎನ್ನಲಾಗುತ್ತದೆ. ಮೂಲ ವಿನ್ಯಾಸದಲ್ಲಿ ಇದನ್ನು ಕೈಸನ್ನೆಯಿಂದ ತೆರೆಯಲಾಗುತ್ತಿದ್ದು, ಕೆಲವು ನಿರ್ಮಾಪಕರು ವಿದ್ಯುತ್ ಮೋಟಾರು ಅಳವಡಿಸಿಕೊಂಡಿದ್ದಾರೆ. ಇದು ಎತ್ತುವ ಬಲವನ್ನು ಹೆಚ್ಚಿಸುವುದಿಲ್ಲ, ಕೇವಲ ತಡೆಯೊಡ್ಡುತ್ತದೆ. ಇದನ್ನು 90 ನಾಟ್‌ಗಿಂತ ಹೆಚ್ಚಿನ ವೇಗದಲ್ಲಿ ತೆರೆಯಬಾರದು. ಅಂದರೆ ಈ ಬ್ರೇಕ್ ಬಳಸಬೇಕಾದರೂ ಮೊದಲು ವೇಗ ತಗ್ಗಿರಲೇಬೇಕು. ಹೊಸಬರು ಎಡವುವುದು ಇಲ್ಲಿಯೇ. ನೆಲದ ಮೇಲೆ ಚಲಿಸುವಾಗ ಚಕ್ರಗಳು ಚಿಮ್ಮಿಸುವ ಕಲ್ಲುಗಳು ಹಿಂದಿನ ಪ್ರೊಪೆಲರ್‌ಗೆ ಬಡಿಯದಂತೆ ತಡೆಯುವುದು ಈ ಹಲಗೆಯ ಮತ್ತೊಂದು ಉಪಯೋಗ.

ಎರಡನೆಯ ಸಾಧನ ರಡ್ಡರ್‌ಗಳು. ರೆಕ್ಕೆಯ ಎರಡೂ ತುದಿಗಳಲ್ಲಿರುವ ಇವು ಹೊರಮುಖವಾಗಿ ಮಾತ್ರ ತಿರುಗುತ್ತವೆ, ಮತ್ತು ಎಡ ಹಾಗೂ ಬಲ ಪೆಡಲ್‌ಗಳು ಪರಸ್ಪರ ಸ್ವತಂತ್ರವಾಗಿವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಎರಡೂ ರಡ್ಡರ್‌ಗಳು ಹೊರಕ್ಕೆ ತೆರೆದು ವೇಗ ತಗ್ಗುತ್ತದೆ. ಆದರೆ ಅದೇ ಪೆಡಲ್‌ಗಳನ್ನು ಪೂರ್ತಿ ಒತ್ತಿದಾಗ ಚಕ್ರದ ಬ್ರೇಕ್‌ಗಳೂ ಹಿಡಿಯುತ್ತವೆ. ಆದ್ದರಿಂದ ನೆಲ ಮುಟ್ಟುವ ಮುನ್ನ ಕಾಲನ್ನು ಕಡ್ಡಾಯವಾಗಿ ಸಡಿಲಿಸತಕ್ಕದ್ದು. ಇಲ್ಲವಾದಲ್ಲಿ ಚಕ್ರಗಳು ತಿರುಗದೆ ನೆಲಕ್ಕೆ ತಾಗಿ ಟೈರ್ ಒಡೆಯುವ ಸಂಭವವಿರುತ್ತದೆ.

ಇಳಿಯುವ ಕ್ರಮ:

ಇಳಿಯುವ ಸಿದ್ಧತೆಯು ನಿಲ್ದಾಣದಿಂದ ಬಹು ದೂರದಲ್ಲಿಯೇ ಆರಂಭವಾಗಬೇಕು. 120 ನಾಟ್ ವೇಗದಲ್ಲಿ ನಿಮಿಷಕ್ಕೆ 500 ಅಡಿಯಂತೆ 2000 ಅಡಿ ಇಳಿಯಲು 4 ನಿಮಿಷ ಬೇಕು. ಅಷ್ಟರಲ್ಲಿ ವಿಮಾನವು 8 ನಾಟಿಕಲ್ ಮೈಲು, ಅಂದರೆ ಸುಮಾರು 15 ಕಿ.ಮೀ. ಸಾಗಿರುತ್ತದೆ. ಮೂಗನ್ನು ತಗ್ಗಿಸಿ ಬೇಗ ಇಳಿಯಲು ಯತ್ನಿಸಿದರೆ ವೇಗ ಏರುತ್ತದೆಯೇ ವಿನಾ ಉದ್ದೇಶ ಈಡೇರುವುದಿಲ್ಲ. ಆದುದರಿಂದ ಮೊದಲು ನಿಲ್ದಾಣದ ಸುತ್ತಿನ ಎತ್ತರಕ್ಕೆ ಬಂದು, ಥ್ರಾಟಲ್ ತಗ್ಗಿಸಿ, ಎತ್ತರ ಕಾಯ್ದುಕೊಂಡು ವೇಗವನ್ನು 90 ನಾಟ್‌ಗಿಂತ ಕೆಳಗೆ ತರುವುದು ಸೂಕ್ತ. ಎಂಜಿನ್ ಶಕ್ತಿ ತಗ್ಗಿಸುವ ಮುನ್ನ, ಕಾರ್ಬ್ಯುರೇಟರ್ ಇರುವ ಎಂಜಿನ್‌ಗಳಲ್ಲಿ ಅದರ ಶಾಖವನ್ನು ಚಾಲನೆಗೊಳಿಸಬೇಕು. ತೇವದ ಹವೆಯಲ್ಲಿ ಅಲ್ಲಿ ಮಂಜುಗಟ್ಟುವುದುಂಟು.

ನಂತರ ಲ್ಯಾಂಡಿಂಗ್ ಬ್ರೇಕ್ ತೆರೆದು, ಮೂಗಿನ ಚಕ್ರ ಇಳಿಸಿ ಖಚಿತಪಡಿಸಿಕೊಳ್ಳಬೇಕು. ಮುಖ್ಯ ಚಕ್ರಗಳು ಸ್ಥಿರವಾಗಿದ್ದು ಮೂಗಿನ ಚಕ್ರ ಮಾತ್ರ ಮಡಚಿಕೊಳ್ಳುವುದರಿಂದ ಇದನ್ನು ಮರೆಯುವ ಪ್ರಸಂಗಗಳು ಇಲ್ಲದಿಲ್ಲ. ಅಂತಿಮ ಹಾದಿಯಲ್ಲಿ ವೇಗ ಸುಮಾರು 70 ನಾಟ್ ಇರಬೇಕು. ಮೂಲ ಕೆನಾರ್ಡ್ ಹೊಂದಿರುವ ಕೆಲವು ವಿಮಾನಗಳಲ್ಲಿ ಮಳೆಹನಿಗಳಿಂದ ಮುಂದಿನ ರೆಕ್ಕೆಯ ಎತ್ತುವ ಬಲ ಕುಗ್ಗುವುದರಿಂದ ಮಳೆಯಲ್ಲಿ ಹೆಚ್ಚಿನ ವೇಗ ಇರಿಸಿಕೊಳ್ಳಬೇಕಾಗುತ್ತದೆ. ಜಾನ್ ರಾಂಜ್ ಅವರು ರೂಪಿಸಿದ ನಂತರದ ಕೆನಾರ್ಡ್‌ನಲ್ಲಿ ಈ ದೋಷ ನಿವಾರಣೆಯಾಗಿದೆ.

ನೆಲಕ್ಕೆ ತೀರ ಹತ್ತಿರ ಬಂದಾಗ ತಡೆಯು ಕಡಿಮೆಯಾಗಿ ವಿಮಾನವು ತೇಲುತ್ತ ಮುಂದೆ ಸಾಗುತ್ತದೆ. ಎಂಜಿನ್‌ನ ಕನಿಷ್ಠ ಸುತ್ತುವಿಕೆಯನ್ನು ಹೆಚ್ಚಾಗಿ ಹೊಂದಿಸಿದ್ದರೆ ಪ್ರೊಪೆಲರ್ ತಳ್ಳುತ್ತಲೇ ಇದ್ದು ತೇಲುವಿಕೆ ಇನ್ನಷ್ಟು ದೀರ್ಘವಾಗುತ್ತದೆ. ಈ ಹಂತದಲ್ಲಿ ಮೂಗನ್ನು ಅತಿಯಾಗಿ ಎತ್ತಿ ನಿಲ್ಲಿಸಲು ಯತ್ನಿಸಬಾರದು, ಏಕೆಂದರೆ ಹಿಂದಿರುವ ಪ್ರೊಪೆಲರ್ ನೆಲಕ್ಕೆ ಬಡಿಯಬಹುದು. ಮೂಗಿನ ಚಕ್ರವನ್ನು ಮೃದುವಾಗಿ ಇಳಿಸಿದ ನಂತರವೇ ಬ್ರೇಕ್ ಹಾಕಬೇಕು. ಬ್ರೇಕ್‌ಗಳು ಅತಿಯಾಗಿ ಕಾದರೆ ಅವುಗಳಿಗೆ ಹೊಂದಿಕೊಂಡಿರುವ ಗಾಜಿನ ನಾರಿನ ಕಾಲುಗಳು ಮೆತ್ತಗಾಗುವ ಅಪಾಯವಿರುವ ಕಾರಣ ಶಾಖ ನಿರೋಧಕ ಕವಚ ಅವಶ್ಯ.

ರನ್‌ವೇಯ ಮೊದಲ ಮೂರನೇ ಒಂದು ಭಾಗದೊಳಗೆ ನೆಲ ಮುಟ್ಟದಿದ್ದಲ್ಲಿ ಸಂಕೋಚಪಡದೆ ಪುನಃ ಮೇಲೇರುವುದು ಉಚಿತ. ಲ್ಯಾಂಡಿಂಗ್ ಬ್ರೇಕ್ ತೆರೆದಿದ್ದರೂ ವಿಮಾನವು ಏರಬಲ್ಲದು, ಆದರೆ ಏರುವ ದರ ಕಡಿಮೆಯಿರುತ್ತದೆ. ಮುಂದೆ ಮರ ಅಥವಾ ಕಟ್ಟಡಗಳಿದ್ದಲ್ಲಿ ನಿರ್ಧಾರವನ್ನು ಇನ್ನೂ ಬೇಗ ಕೈಗೊಳ್ಳಬೇಕು.

ಸೂಚನೆ: ಮೇಲಿನ ವಿವರಗಳು ಸಾರ್ವಜನಿಕ ಮಾಹಿತಿಗಾಗಿ ಮಾತ್ರ. ಇದು ಹಾರಾಟ ತರಬೇತಿಗೆ ಬದಲಿಯಲ್ಲ. ಪ್ರತಿಯೊಂದು ಸ್ವಯಂ ನಿರ್ಮಿತ ವಿಮಾನವೂ ತೂಕ ಹಾಗೂ ವರ್ತನೆಯಲ್ಲಿ ಭಿನ್ನವಾಗಿರುವುದರಿಂದ, ಆಯಾ ವಿಮಾನದ ಕೈಪಿಡಿ ಮತ್ತು ಪರೀಕ್ಷಾ ಹಾರಾಟದಲ್ಲಿ ದಾಖಲಾದ ಅಂಕಿಅಂಶಗಳನ್ನೇ ಅನುಸರಿಸತಕ್ಕದ್ದು. ಭಾರತದಲ್ಲಿ ಇಂತಹ ವಿಮಾನಗಳ ನೋಂದಣಿ ಹಾಗೂ ಹಾರಾಟದ ಅನುಮತಿಗಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವನ್ನು ಸಂಪರ್ಕಿಸುವುದು.