ಡಿಸ್ಕ್ ಚಿಕ್ಕದು, ಡಬ್ಬಿ ದೊಡ್ಡದು

ಸಿ.ಡಿ.ಯ ಅಡ್ಡಳತೆ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್, ತೂಕ 15 ಗ್ರಾಂ ಆಸುಪಾಸು. ಧೂಳು ಕೂರದಂತೆ, ಗೀರು ಬೀಳದಂತೆ ಕಾಪಾಡಲು ಅದಕ್ಕೊಂದು ಗಟ್ಟಿ ಕಾಗದದ ಲಕೋಟೆ ಸಾಕು. ಆದರೂ ಅದು ಹುಟ್ಟಿದಾಗಿನಿಂದ ತನಗಿಂತ ಹಲವು ಪಟ್ಟು ಭಾರದ ಪ್ಲಾಸ್ಟಿಕ್ಕನ್ನು ಹೊತ್ತುಕೊಂಡೇ ಓಡಾಡಿದೆ. ಇದು ಯಾಕೆ ಹೀಗಾಯಿತು ಎಂದು ಹುಡುಕುತ್ತ ಹೋದರೆ ಉತ್ತರ ಬಹುಪಾಲು ಅಂಗಡಿಯ ಕಪಾಟಿನಲ್ಲೇ ಸಿಗುತ್ತದೆ.

ಗ್ರಾಮಫೋನಿನ ಕಾಲದಲ್ಲಿ ಈ ಸಮಸ್ಯೆ ಇರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳು ಹೆಚ್ಚಾಗಿ ಭಾರತದಿಂದ ಹೋದ ಅರಗಿನಿಂದ ಆಗುತ್ತಿದ್ದವು, ಬರುತ್ತಿದ್ದುದು ಕಾಗದದ ಚೀಲದಲ್ಲಿ. 1948ರಲ್ಲಿ ಎಲ್.ಪಿ. ಬಂದಾಗ ತಟ್ಟೆ ಪಿ.ವಿ.ಸಿ. ಆಯಿತು, ಹೊದಿಕೆ ಮಾತ್ರ ರಟ್ಟಿನದಾಗಿಯೇ ಉಳಿಯಿತು. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಸಿ.ಡಿ. ಬಂತು. ಅದರ ಜೊತೆಗೇ ಬಂದದ್ದು ಪಾಲಿಸ್ಟೈರೀನಿನ ಪಾರದರ್ಶಕ ಡಬ್ಬಿ, ಜ್ಯುವೆಲ್ ಕೇಸ್. ನೋಡಲು ಚೆಂದ, ಬಾಳಿಕೆ ಸಾಲದು. ಒಮ್ಮೆ ಕೈಜಾರಿದರೆ ಮುಚ್ಚಳದ ಕಿವಿ ಮುರಿಯುತ್ತದೆ. ನಡುವೆ ಡಿಸ್ಕನ್ನು ಹಿಡಿಯುವ ಪುಟ್ಟ ಹಲ್ಲುಗಳು ಒಂದೊಂದಾಗಿ ಉದುರುತ್ತವೆ. ಹಾಗೆ ಮುರಿದದ್ದನ್ನು ರಿಪೇರಿ ಮಾಡಲಾಗದು. ಪಾಲಿಸ್ಟೈರೀನನ್ನು ಮರುಬಳಕೆಗೆ ತೆಗೆದುಕೊಳ್ಳುವ ವ್ಯವಸ್ಥೆಯೂ ಬಹಳ ಕಡೆ ಇಲ್ಲ.

ಅಮೆರಿಕದಲ್ಲಿ ಇದೂ ಸಾಲದೆಂದು ಜ್ಯುವೆಲ್ ಕೇಸನ್ನು ಸುಮಾರು 12 ಇಂಚು ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಇದೇ ಲಾಂಗ್‌ಬಾಕ್ಸ್. ಅಂಗಡಿಗಳಲ್ಲಿ ಇದ್ದದ್ದು ಎಲ್.ಪಿ.ಗೆಂದು ಮಾಡಿಸಿದ ಗೂಡುಗಳು. ಎರಡು ಲಾಂಗ್‌ಬಾಕ್ಸ್ ಅಕ್ಕಪಕ್ಕ ಇಟ್ಟರೆ ಒಂದು ಎಲ್.ಪಿ.ಯ ಜಾಗ ಸರಿಯಾಗಿ ತುಂಬುತ್ತಿತ್ತು. ಕಿಸೆಗೆ ಇಳಿಸಿ ಕದಿಯುವುದೂ ಕಷ್ಟ. ಕೊಂಡವರು ಮನೆಗೆ ಬಂದ ಕೂಡಲೇ ಪೆಟ್ಟಿಗೆ ಹರಿದು ಎಸೆಯುತ್ತಿದ್ದರು. ಯುರೋಪ್, ಜಪಾನ್‌ಗಳಲ್ಲಿ ಇದಿಲ್ಲದೆಯೇ ವ್ಯಾಪಾರ ನಡೆದಿತ್ತು.

ಇದರ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ಕಲಾವಿದರೇ ಮುಖ್ಯರು. ಮಕ್ಕಳ ಹಾಡುಗಳಿಂದ ಹೆಸರಾದ ಕೆನಡಾದ ರಾಫಿ 1990ರಲ್ಲಿ ತಮ್ಮ ಆಲ್ಬಮ್ಮಿಗೆ ಲಾಂಗ್‌ಬಾಕ್ಸ್ ಬೇಡವೆಂದು ಹಟ ಹಿಡಿದರು. 1992ರಲ್ಲಿ ಗಾಯಕ ಡೇವಿಡ್ ಬರ್ನ್ ತಮ್ಮ ಆಲ್ಬಮ್ಮಿನ ಪೆಟ್ಟಿಗೆಯ ಮೇಲೆಯೇ, ಇದು ಕಸ, ಒಪ್ಪುವವರು ಅಂಗಡಿಯವರಿಗೆ ಹೇಳಿ ಎಂಬರ್ಥದ ಚೀಟಿ ಅಂಟಿಸಿದರು. 1993ರ ಏಪ್ರಿಲ್ ಹೊತ್ತಿಗೆ ಉದ್ಯಮ ಲಾಂಗ್‌ಬಾಕ್ಸನ್ನು ಕೈಬಿಟ್ಟಿತು. ಪ್ಯಾಕಿಂಗಿನ ಕಸ ತಗ್ಗಿಸುವ ಕೆಲಸದಲ್ಲಿ ಅತಿ ದೊಡ್ಡ ಗೆಲುವು ಇದೇ ಎಂಬುದು ನನ್ನ ಎಣಿಕೆ. ಹೊಸ ವಸ್ತುವೇನೂ ಬೇಕಾಗಲಿಲ್ಲ. ಬೇಡದ್ದನ್ನು ತೆಗೆದರು, ಅಷ್ಟೆ.

ಆಮೇಲಿನದೆಲ್ಲ ಅರೆಬರೆ ಹೆಜ್ಜೆ. ಡಿಜಿಪ್ಯಾಕ್ ಹೊರಗೆ ರಟ್ಟು, ಒಳಗೆ ಅಂಟಿಸಿದ ಪ್ಲಾಸ್ಟಿಕ್ ತಟ್ಟೆ. ಎರಡನ್ನೂ ಬಿಡಿಸದೆ ಯಾವುದೂ ಮರುಬಳಕೆಗೆ ಹೋಗದು. ಡಿ.ವಿ.ಡಿ. ಬಂದಾಗ ಹಳೆಯ ಕಥೆಯೇ ಮರುಕಳಿಸಿತು: ಡಿಸ್ಕಿನ ಅಳತೆ ಸಿ.ಡಿ.ಯದೇ ಆದರೂ, ವಿ.ಎಚ್.ಎಸ್. ಕ್ಯಾಸೆಟ್ಟುಗಳ ಸಾಲಿನಲ್ಲಿ ನಿಲ್ಲಲೆಂದು ಡಬ್ಬಿ 19 ಸೆಂಟಿಮೀಟರ್ ಎತ್ತರವಾಯಿತು. ಮುಂದೆ ಅದರ ಗೋಡೆಗಳಲ್ಲಿ ಕಿಂಡಿ ಕೊರೆದು ಪ್ಲಾಸ್ಟಿಕ್ ಉಳಿಸಿ ‘ಇಕೋ ಕೇಸ್’ ಎಂದು ಕರೆದರು. ಉಳಿತಾಯ ನಿಜ, ಆದರೆ ಎತ್ತರ ತಗ್ಗಲಿಲ್ಲ. ಅಮೆರಿಕದ ಕ್ಲೌಡ್ ಕಲ್ಟ್ ತಂಡ ಹಿಡಿದ ದಾರಿ ನನಗೆ ಹೆಚ್ಚು ಇಷ್ಟ. ಅವರು ಜನ ಬಿಸಾಡುವ ಹಳೆಯ ಜ್ಯುವೆಲ್ ಕೇಸುಗಳನ್ನು ಕೂಡಿಹಾಕಿ, ತೊಳೆದು, ತಮ್ಮ ಸಿ.ಡಿ.ಗಳನ್ನು ಅವುಗಳಲ್ಲೇ ಹಾಕಿ ಮಾರಿದರು. ಬ್ರಿಟನ್ನಿನ ಜೂಲೀಸ್ ಬೈಸಿಕಲ್ ಸಂಸ್ಥೆ 2009ರಲ್ಲಿ ಲೆಕ್ಕ ಹಾಕಿ, ಪ್ಲಾಸ್ಟಿಕ್ ಡಬ್ಬಿ ಬಿಟ್ಟು ರಟ್ಟಿನ ಲಕೋಟೆಗೆ ಬಂದರೆ ಪ್ಯಾಕಿಂಗಿನಿಂದ ಆಗುವ ಇಂಗಾಲ ಹೊರಸೂಸುವಿಕೆ ಶೇ. 95ರವರೆಗೆ ತಗ್ಗಬಹುದೆಂದಿತು.

ಈಗ ಡಿಸ್ಕೇ ಬದಲಾಗುತ್ತಿದೆ. 2024ರಲ್ಲಿ ಕೋಲ್ಡ್‌ಪ್ಲೇ ತಂಡ ಒಂಬತ್ತು ಹಳೆಯ ಪೆಟ್ ಬಾಟಲಿಗಳಿಗೆ ಒಂದರಂತೆ ಎಲ್.ಪಿ.ಗಳನ್ನು ಮಾಡಿಸಿತು, ಸಿ.ಡಿ.ಯಲ್ಲಿ ಶೇ. 90ರಷ್ಟು ಮರುಬಳಕೆಯ ಪಾಲಿಕಾರ್ಬೊನೇಟ್.

ಆದರೆ ದಕ್ಷಿಣ ಕೊರಿಯಾವನ್ನು ನೋಡಿದರೆ ವಸ್ತು ಬದಲಿಸಿದರೆ ಸಾಕೆಂಬ ನಂಬಿಕೆ ಅಲುಗಾಡುತ್ತದೆ. ಅಲ್ಲಿ ಕೆ-ಪಾಪ್ ಆಲ್ಬಮ್ಮುಗಳ ಒಳಗೆ ಗಾಯಕರ ಫೋಟೊಕಾರ್ಡುಗಳನ್ನು ಇಡುತ್ತಾರೆ. ಯಾರ ಚಿತ್ರ ಸಿಗುತ್ತದೆಂದು ಮೊದಲೇ ತಿಳಿಯದು. ಹಾಗಾಗಿ ಅಭಿಮಾನಿಗಳು ಒಂದೇ ಆಲ್ಬಮ್ಮನ್ನು ಹತ್ತಾರು ಕೊಳ್ಳುತ್ತಾರೆ. ಸರ್ಕಾರದ ಅಂಕಿಅಂಶದಂತೆ ಅಲ್ಲಿನ ಕಂಪನಿಗಳು ಆಲ್ಬಮ್ಮುಗಳಿಗೆ ಬಳಸಿದ ಪ್ಲಾಸ್ಟಿಕ್ 2017ರಲ್ಲಿ 55.8 ಟನ್ ಇದ್ದದ್ದು 2022ಕ್ಕೆ 801.5 ಟನ್ ಮುಟ್ಟಿತು. ಇಲ್ಲಿ ಸರಕು ಎಂದರೆ ಆ ಕಾರ್ಡು, ಡಿಸ್ಕೇ ಪ್ಯಾಕಿಂಗ್. 2022ರಲ್ಲಿ ಬಿ.ಟಿ.ಎಸ್. ತಂಡದ ಜೆ-ಹೋಪ್ ತಮ್ಮ ಆಲ್ಬಮ್ಮನ್ನು ಸಿ.ಡಿ.ಯೇ ಇಲ್ಲದೆ, ಕ್ಯು.ಆರ್. ಕೋಡ್ ಮತ್ತು ಕಾರ್ಡುಗಳೊಂದಿಗೆ ತಂದರು. ಒಳ್ಳೆಯ ಹೆಜ್ಜೆಯೇ, ಆದರೆ ಕಾರ್ಡಿಗಾಗಿ ಹತ್ತಾರು ಕೊಳ್ಳುವ ಚಪಲ ಅಲ್ಲೂ ತಪ್ಪದು. ‘ಕೆಪಾಪ್ ಫಾರ್ ಪ್ಲಾನೆಟ್’ ಎಂಬ ಅಭಿಮಾನಿಗಳ ಬಳಗ, ಬೇಡವಾದ ಆಲ್ಬಮ್ಮುಗಳನ್ನು ಒಟ್ಟುಮಾಡಿ ಕಂಪನಿಗಳ ಬಾಗಿಲಿಗೇ ವಾಪಸು ಕಳಿಸಿತು. ಎಷ್ಟು ಪ್ರತಿಗಳಿಗೆ ಹಣ ಕೊಟ್ಟರೂ ಮನೆಗೆ ಎಷ್ಟು ಬೇಕೆಂದು ಆರ್ಡರ್ ಮಾಡುವಾಗಲೇ ಹೇಳುವ ಅವಕಾಶ ಕೊಡಿ ಎಂಬುದು ಅವರ ಬೇಡಿಕೆಗಳಲ್ಲೊಂದು.