ಮೈದಾನದಲ್ಲಿ ಬಂದ ಇಂಗ್ಲಿಷ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆಯಬೇಕೆಂದು ಗುರುಗಳು ಹೇಳಿದಾಗ ನಾನು ಆರಿಸಿಕೊಂಡ ವಿಷಯ, ಆಟದ ಪದಗಳ ಚರಿತ್ರೆ. ಕನ್ನಡ ಮಾಧ್ಯಮದ ನಮಗೆ ಇಂಗ್ಲಿಷ್ ಪಾಠ ಶುರುವಾದದ್ದು ಐದನೇ ತರಗತಿಯಲ್ಲಿ. ಆದರೆ ಔಟ್, ರನ್, ಬಾಲ್, ಟೀಮ್ ಎಂಬ ಮಾತುಗಳು ಅದಕ್ಕೂ ಮೊದಲೇ ನಮ್ಮ ನಾಲಿಗೆಯ ಮೇಲಿದ್ದವು.

ನಾವೆಲ್ಲ ಆಡಿದ ವಾಲಿಬಾಲನ್ನೇ ನೋಡಿ. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ಈ ಆಟವನ್ನು ರೂಪಿಸಿದರು. ಅವರು ಇಟ್ಟ ಹೆಸರು ಮಿಂಟೊನೆಟ್. ಚೆಂಡನ್ನು ನೆಲಕ್ಕೆ ಬೀಳಗೊಡದೆ ಹೊಡೆಯುವುದಕ್ಕೆ ಇಂಗ್ಲಿಷಿನಲ್ಲಿ ವಾಲಿ ಎನ್ನುತ್ತಾರೆ. ಮರುವರ್ಷ ಅದೇ ಆಟದ ಹೆಸರಾಯಿತು. 1920ರಲ್ಲಿ ಹ್ಯಾರಿ ಬಕ್ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ತರಬೇತಿ ಪಡೆದ ಶಿಕ್ಷಕರು ಶಾಲೆಗಳಿಗೆ ಆಟಗಳನ್ನು ಒಯ್ದರು. ಚೆಂಡಿನ ಜೊತೆಗೇ ಪದಗಳೂ ಬಂದವು.

ಇದು ಒಮ್ಮುಖ ವ್ಯಾಪಾರವಲ್ಲ. ಬ್ಯಾಡ್ಮಿಂಟನ್ ಎಂಬುದು ಇಂಗ್ಲೆಂಡಿನ ಒಂದು ಬಂಗಲೆಯ ಹೆಸರಾದರೂ ಆ ಆಟಕ್ಕೆ ನಮ್ಮ ಪುಣೆಯ ನಂಟಿದೆ. ಹಿಂದೆ ಅದನ್ನು ಪೂನಾ ಎಂದೂ ಕರೆಯುತ್ತಿದ್ದರು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದಾಗ ಆಟದ ಜೊತೆ ಅದರ ಹೆಸರೂ ಹಾಗೆಯೇ ಹೋಯಿತು. ಕಬಡ್ಡಿಯ ಇಂಗ್ಲಿಷ್ ನಿಯಮಾವಳಿಯಲ್ಲಿ ಇಂದಿಗೂ ಲೋನಾ ಲೋನಾವೇ. ಪದ ಎರವಲು ಪಡೆಯುವುದು ಇಂಗ್ಲಿಷಿಗೇ ನಾಚಿಕೆಯಲ್ಲದಿದ್ದರೆ ನಮಗೇಕೆ?

ಕೆಲಸ ಮಾಡುತ್ತ ಭಾಷೆ ಕಲಿಸುವ ವಿಧಾನವೂ ಹಳೆಯದೇ. 1925ರಲ್ಲಿ ಹೆರಾಲ್ಡ್ ಪಾಮರ್ ಮತ್ತು ಡೊರೊಥಿ ಪಾಮರ್ ಜಪಾನಿನಲ್ಲಿದ್ದಾಗ, ಕ್ರಿಯೆಗಳ ಮೂಲಕ ಇಂಗ್ಲಿಷ್ ಕಲಿಸುವ ಪುಸ್ತಕ ತಂದರು. ಇನ್ನೂ ಹತ್ತಿರದ್ದು ಎನ್. ಎಸ್. ಪ್ರಭು ಅವರ ಪ್ರಯೋಗ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ವ್ಯಾಕರಣದ ಬದಲು ನಕಾಶೆ, ರೈಲಿನ ವೇಳಾಪಟ್ಟಿ ಮುಂತಾದವನ್ನು ಮಕ್ಕಳ ಮುಂದಿಟ್ಟು ಸಮಸ್ಯೆ ಬಿಡಿಸಲು ಹೇಳಿದರು. ಗಮನವೆಲ್ಲ ಕೆಲಸದ ಮೇಲಿರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಜಗತ್ತಿನ ಭಾಷಾಶಿಕ್ಷಕರು ಇದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಗುರುತಿಸುತ್ತಾರೆ.

ನಮ್ಮ ಪಿ.ಟಿ. ಮೇಷ್ಟ್ರು ಇದನ್ನೆಲ್ಲ ಓದಿದ್ದರೋ ಇಲ್ಲವೋ, ಮಾಡುತ್ತಿದ್ದುದು ಮಾತ್ರ ಇದನ್ನೇ. ಅವರು ಸೀಟಿ ಊದಿ “ರೊಟೇಟ್” ಎಂದರೆ ಆರೂ ಜನ ಗಡಿಯಾರದ ಮುಳ್ಳಿನಂತೆ ಒಂದೊಂದು ಸ್ಥಾನ ಸರಿಯುತ್ತಿದ್ದೆವು. ಅರ್ಥ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನ ಒಮ್ಮೆಲೇ ಇಂಗ್ಲಿಷಿಗೆ ತಿರುಗಿದಾಗ ನನ್ನ ಜೊತೆಯ ಕೆಲವರು ಭಾಷೆಗೆ ಹೆದರಿ ಆ ಓದನ್ನೇ ಬಿಟ್ಟರು. ಭೌತಶಾಸ್ತ್ರದ ಪುಸ್ತಕದಲ್ಲಿ ರೊಟೇಷನ್ ಎಂಬ ಪದ ಕಂಡಾಗ ನನಗೆ ಅದು ಪರಿಚಯದ ಮುಖದಂತೆ ತೋರಿತು. ಇಂದು ಕಚೇರಿಯಲ್ಲಿ ದಿನವೂ ಹೇಳುವ ಸರ್ವರ್ ಎಂಬ ಪದವನ್ನೂ ಮೊದಲು ಕೇಳಿದ್ದು ಆ ಅಂಕಣದಲ್ಲೇ.

ಈಗ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೂ ಅದರ ಭಯ ಎಲ್ಲ ಮಕ್ಕಳನ್ನೂ ಬಿಟ್ಟಿಲ್ಲ. ಹಾಗಾಗಿ ನನ್ನದೊಂದು ಸಲಹೆ: ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿ ಅಂಪೈರ್ ಆಗಲಿ, ತೀರ್ಪು, ಅಂಕ, ಸೂಚನೆಗಳನ್ನು ಇಂಗ್ಲಿಷಿನಲ್ಲಿ ಕೂಗಲಿ, ಕೊನೆಗೆ ಒಂದು ಪದದ ಕಥೆಯನ್ನು ಕನ್ನಡದಲ್ಲಿ ಹೇಳಲಿ. ಇದಕ್ಕೆ ಅನುದಾನ ಬೇಡ. ಒಂದು ಚೆಂಡು, ಒಂದು ಸೀಟಿ ಸಾಕು. ಅವೆರಡೂ ನಮ್ಮ ಶಾಲೆಯಲ್ಲಿ ಮೊದಲಿನಿಂದಲೂ ಇವೆ.