ಲೆಕ್ಕ ತಪ್ಪದ ನಂಬಿಕೆ: ಕಲ್ಯಾಣದ ಕಾಯಕಜೀವನದ ಒಂದು ಮುಖ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಭಕ್ತಿ, ಅನುಭಾವ, ಸಮಾನತೆಗಳ ಕಡೆಗೆ ಗಮನ ಹರಿಸುತ್ತಾರೆ. ಅದು ಸಹಜವೇ ಆಗಿದೆ. ಆದರೆ ಶರಣರ ಕಲ್ಯಾಣವು ದುಡಿಯುವವರ ಕಲ್ಯಾಣವೂ ಆಗಿತ್ತೆಂಬುದನ್ನು ಮರೆಯಲಾಗದು. ಹಗ್ಗ ಹೊಸೆಯುವವರು, ಬಟ್ಟೆ ಮಡಿ ಮಾಡುವವರು, ಕಟ್ಟಿಗೆ ಮಾರುವವರು, ಪಾದರಕ್ಷೆ ಹೊಲಿಯುವವರು, ಅರಮನೆಯ ಲೆಕ್ಕ ಬರೆಯುವವರು, ಹೀಗೆ ಬೇರೆ ಬೇರೆ ಕಸುಬಿನ ಜನ ಅಲ್ಲಿ ಒಂದಾಗಿ ಬಾಳಿದರು. ಇಷ್ಟು ಜನರ ನಡುವೆ ನಂಬಿಕೆ ನೆಲೆಗೊಂಡದ್ದು ಹೇಗೆ? ಮುಂದಾಳಾದವರು ಅದನ್ನು ಕಾಪಾಡಿದ್ದು ಹೇಗೆ? ಕಚೇರಿ, ಕಾರ್ಖಾನೆ, ಶಾಲೆಗಳಲ್ಲಿ ಮೇಲಿನವರು ಕೆಳಗಿನವರನ್ನು ನಂಬದೆ, ಕೆಳಗಿನವರು ಮೇಲಿನವರಿಗೆ ನಿಜ ನುಡಿಯದೆ ದಿನ ಕಳೆಯುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ.

ಮೊದಲು ಆಧಾರಗಳ ವಿಷಯವಾಗಿ ಒಂದು ಮಾತು. ಬಸವಣ್ಣನವರ ಹೆಸರು ಕ್ರಿ.ಶ. 1260ರ ಅರ್ಜುನವಾಡ ಶಾಸನದಲ್ಲಿ ಬರುತ್ತದೆ. ಅವರ ಜೀವನದ ವಿವರಗಳಿಗಾದರೋ ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಭೀಮಕವಿ 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣ ಮತ್ತು ಹದಿನೈದನೆಯ ಶತಮಾನದಿಂದ ರೂಪುಗೊಂಡ ಶೂನ್ಯಸಂಪಾದನೆಗಳನ್ನೇ ಅವಲಂಬಿಸಬೇಕು. ಇವುಗಳಲ್ಲಿ ಬರುವ ಪ್ರಸಂಗಗಳೆಲ್ಲವೂ ನಡೆದಂತೆಯೇ ದಾಖಲಾದ ಇತಿಹಾಸವಲ್ಲ. ಆದರೆ ಒಂದು ಸಮಾಜವು ತನ್ನ ಹಿರಿಯರಲ್ಲಿ ಯಾವ ಗುಣವನ್ನು ಮೆಚ್ಚಿ ನೆನಪಿಟ್ಟುಕೊಂಡಿತೆಂಬುದಕ್ಕೆ ಇವು ಸಾಕ್ಷಿಯಾಗಿವೆ. ಅದೂ ಇತಿಹಾಸದ ಒಂದು ಭಾಗವೇ.

ಬಸವಣ್ಣನವರದು ಭಂಡಾರಿಯ ಹುದ್ದೆ. ಮಂಗಳವೇಡೆಯ ಮಹಾಮಂಡಲೇಶ್ವರನಾಗಿದ್ದ ಕಳಚುರಿ ಬಿಜ್ಜಳನು ಚಾಲುಕ್ಯರನ್ನು ಹಿಂದೆ ಸರಿಸಿ 1162ರ ಸುಮಾರಿಗೆ ಕಲ್ಯಾಣದಲ್ಲಿ ಸ್ವತಂತ್ರನಾದನು. ಹೀಗೆ ಅಧಿಕಾರವನ್ನು ವಶಪಡಿಸಿಕೊಂಡ ಅರಸನ ಆಸ್ಥಾನದಲ್ಲಿ ಸಂಶಯಕ್ಕೆ ಕೊರತೆಯಿರಲಾರದು. ಭಂಡಾರದ ಹೊನ್ನು ಜಂಗಮದಾಸೋಹಕ್ಕೆ ಹರಿದುಹೋಗುತ್ತಿದೆಯೆಂದು ಅಸೂಯಾಪರರು ದೂರಿದರೆಂದೂ, ಬಸವಣ್ಣನವರು ಅಂಜದೆ ಭಂಡಾರವನ್ನು ತೆರೆಸಿ ತೋರಿಸಿದಾಗ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪುರಾಣಕಾರರಿಗೆ ಇದು ಪವಾಡ. ನಮಗೆ ಇಲ್ಲಿ ಬೇರೊಂದು ಅಂಶ ಮುಖ್ಯ. ಬಸವಣ್ಣನವರು ತಮ್ಮನ್ನು ನಂಬೆಂದು ಅರಸನನ್ನು ಬೇಡಲಿಲ್ಲ, ಲೆಕ್ಕವನ್ನು ಮುಂದಿಟ್ಟರು. ಅರಸನಿಗೆ ಮಾತ್ರ ಆ ಲೆಕ್ಕಕ್ಕಿಂತ ಚಾಡಿಯೇ ಮತ್ತೆ ಮತ್ತೆ ಹತ್ತಿರವಾಯಿತು.

ಅರಮನೆಯಿಂದ ಮಹಾಮನೆಗೆ ಬಂದರೆ ಚಿತ್ರವೇ ಬದಲಾಗುತ್ತದೆ. ಈಗಿನ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದನು. ಒಂದು ದಿನ ಬಸವಣ್ಣನವರು ಬೇಕೆಂದೇ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರು. ಮಾರಯ್ಯನು ಅದನ್ನು ಆಯ್ದುಕೊಂಡು ಮನೆಗೆ ಬಂದಾಗ ಲಕ್ಕಮ್ಮ ಗಂಟನ್ನು ನೋಡಿದ ಕೂಡಲೇ ವ್ಯತ್ಯಾಸವನ್ನು ಗುರುತಿಸಿದಳು. ದಿನದ ಅಗತ್ಯಕ್ಕೆ ಮೀರಿದ್ದು ತಮ್ಮ ಕಾಯಕದ ಪಾಲಲ್ಲವೆಂದು ಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು.

ನುಲಿಯ ಚಂದಯ್ಯನ ಪ್ರಸಂಗವೂ ಇದೇ ಬಗೆಯದು. ಆತನು ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರುತ್ತಿದ್ದನು. ಆತನ ಹಗ್ಗಕ್ಕೆ ಬಸವಣ್ಣನವರು ಬೆಲೆಗೆ ಮೀರಿದ ಹೊನ್ನನ್ನು ಕೊಟ್ಟಾಗ ಚಂದಯ್ಯ ಒಪ್ಪಲಿಲ್ಲ. ಹಗ್ಗಕ್ಕೆ ಸಲ್ಲುವಷ್ಟೇ ತನಗೆ ಸಾಕು, ಉಳಿದುದನ್ನು ಹಿಂದಿರುಗಿಸಬೇಕೆಂಬುದು ಆತನ ನಿಲುವು. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದ ನಿಯಮದಿಂದ ಹೊರತಲ್ಲವೆಂದು ಸಾರಿದ ಶರಣನಿಗೆ ಇದು ತಕ್ಕ ನಡೆಯೇ ಸರಿ.

ಈ ಎರಡು ಪ್ರಸಂಗಗಳನ್ನು ನಾವು ಲಕ್ಕಮ್ಮ, ಚಂದಯ್ಯರ ನಿಸ್ಪೃಹತೆಗೆ ನಿದರ್ಶನವಾಗಿ ಓದುತ್ತ ಬಂದಿದ್ದೇವೆ. ಆದರೆ ಇನ್ನೊಂದು ಬದಿಯಿಂದಲೂ ನೋಡಬೇಕು. ಎರಡರಲ್ಲಿಯೂ ಅಳತೆ ಮೀರಿದ್ದು ಮುಂದಾಳಿನ ಕೈ. ಪರೀಕ್ಷೆಗಾಗಿಯೋ ಪ್ರೀತಿಯಿಂದಲೋ ಮೀರಿರಬಹುದು, ಮೀರಿದ್ದಂತೂ ದಿಟ. ಅದನ್ನು ತಿದ್ದಿದವರು ಅಕ್ಕಿ ಆಯುವವನ ಮಡದಿ ಮತ್ತು ಹಗ್ಗ ಹೊಸೆಯುವವನು. ರಾಜ್ಯದ ಭಂಡಾರಿ ಅದನ್ನು ಅವಮಾನವೆಂದು ಬಗೆಯಲಿಲ್ಲ. ಮಹಾಮನೆಯ ಒಡೆಯನಾಗಿದ್ದರೂ ಶೂನ್ಯಸಿಂಹಾಸನದಲ್ಲಿ ತಾವು ಕೂರದೆ ಅಲ್ಲಮಪ್ರಭುಗಳನ್ನು ಕೂರಿಸಿದ ಮಹನೀಯರಿಗೆ ತಿದ್ದಿಸಿಕೊಳ್ಳುವುದು ಕಷ್ಟವಾಗಿರಲಾರದು. ನಾಯಕನು ತನ್ನವರನ್ನು ನಂಬುವುದೆಂದರೆ ಅವರಿಗೆ ಕೆಲಸವನ್ನು ಒಪ್ಪಿಸುವುದಷ್ಟೇ ಅಲ್ಲ, ತನ್ನ ತಪ್ಪನ್ನು ಹೇಳುವ ಹಕ್ಕನ್ನೂ ಒಪ್ಪಿಸುವುದು.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ ಹೊಸದಾಗಿ ಬಂದ ತರುಣ ಉಪಾಧ್ಯಾಯರೊಬ್ಬರು ಪರೀಕ್ಷಾ ಶುಲ್ಕದ ಲೆಕ್ಕದಲ್ಲಿದ್ದ ಒಂದು ಸಣ್ಣ ತಪ್ಪನ್ನು ಸಭೆಯಲ್ಲಿ ವಿನಯದಿಂದಲೇ ತೋರಿಸಿದರು. ತಪ್ಪು ಕೈತಪ್ಪಿನದು, ಮೋಸದ್ದಲ್ಲ. ಆದರೂ ಮುಖ್ಯೋಪಾಧ್ಯಾಯರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಆ ವರ್ಷವೆಲ್ಲ ಆ ತರುಣರಿಗೆ ಸಿಕ್ಕಿದ್ದು ಹೆಚ್ಚಿನ ತರಗತಿಗಳು ಮತ್ತು ಬಿರುನುಡಿ. ಲೆಕ್ಕದ ತಪ್ಪು ನನ್ನ ಕಣ್ಣಿಗೂ ಬಿದ್ದಿತ್ತು, ನಾನು ಸುಮ್ಮನಿದ್ದೆ. ಮುಂದೆ ಆ ಸಭೆಗಳಲ್ಲಿ ಯಾರೂ ಬಾಯಿ ಬಿಡಲಿಲ್ಲ. ತರಗತಿಯಲ್ಲಿ ಲಕ್ಕಮ್ಮನ ಕಥೆಯನ್ನು ಹೇಳುವಾಗಲೆಲ್ಲ ನನಗೆ ಆ ಮೌನದ ನೆನಪಾಗುತ್ತಿತ್ತು.

ಕಲ್ಯಾಣದ ಕೊನೆಯೂ ಈ ವಿಚಾರಕ್ಕೆ ಬೆಳಕು ಚೆಲ್ಲುತ್ತದೆ. ಹರಳಯ್ಯ ಮಧುವರಸರ ಮಕ್ಕಳ ಮದುವೆಯ ನೆಪದಲ್ಲಿ ಅರಸನ ಕಿವಿ ಮತ್ತೆ ದೂರಿಗೆ ತೆರೆಯಿತು. ಶರಣರಿಗೆ ಘೋರ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಬಿಜ್ಜಳನ ಆಳ್ವಿಕೆ 1167ರ ಸುಮಾರಿಗೆ ಮುಗಿಯಿತು. ಅವನ ಮಕ್ಕಳ ಕಾಲದಲ್ಲಿ ಕಳಚುರಿ ರಾಜ್ಯವೇ ಕುಸಿದು, 1184ರ ಹೊತ್ತಿಗೆ ಚಾಲುಕ್ಯರು ಮರಳಿ ತಲೆಯೆತ್ತಿದರು. ಒಬ್ಬನ ಕಿವಿಯನ್ನೇ ನೆಚ್ಚಿದ ವ್ಯವಸ್ಥೆ ಇಷ್ಟು ಬೇಗ ಉರುಳಿತು. ಶರಣರ ಕೂಟವಾದರೋ ಚದುರಿದರೂ ಅಳಿಯಲಿಲ್ಲ. ಉಳವಿಯ ಕಡೆಗೂ ಇತರ ಕಡೆಗಳಿಗೂ ಹೋದವರ ಬಾಯಲ್ಲಿ, ಮುಂದೆ ಭಕ್ತರ ಮನೆಗಳ ತಾಳೆಗರಿಗಳಲ್ಲಿ ವಚನಗಳು ಉಳಿದವು. ಅವನ್ನು ಊರೂರು ಅಲೆದು ಕೂಡಿಹಾಕಿದ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು.

ಅಧಿಕಾರದಲ್ಲಿರುವ ಭಕ್ತರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಕೈ ಅಳತೆ ಮೀರಿದ ದಿನ ಹಿಂದಿರುಗಿ ಬಂದು ಹೇಳಬಲ್ಲ ಲಕ್ಕಮ್ಮ ನನ್ನ ಬಳಿ ಇದ್ದಾಳೆಯೆ? ಇದ್ದರೆ, ಆಕೆ ಹಾಗೆ ಹೇಳಲು ನಾನು ಬಿಡುತ್ತೇನೆಯೆ?